ಬಾಡಿಗೆಗೆ ಮನೆ ಕೊಡುವಾಗ ಮೊದಲು ಏನು, ಆಮೇಲೆ ಏನು

ಮಂಗಳೂರಿನ ಕುಲಶೇಖರದ ನಮ್ಮ ಮನೆಯ ಮೇಲಂತಸ್ತನ್ನು ಬಾಡಿಗೆಗೆ ಕೊಡಲು ಶುರು ಮಾಡಿ ಹದಿನೈದು ವರ್ಷ ಆಯಿತು. ಈಗ ನೆಂಟರು, ಪರಿಚಯದವರು ತಮ್ಮ ಬಿಡಾರದ ತಕರಾರು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಹೆಚ್ಚಿನವರ ಕಥೆ ಒಂದೇ. ಬಾಡಿಗೆ ಬರುತ್ತಿಲ್ಲ, ಮನೆ ಖಾಲಿ ಮಾಡುತ್ತಿಲ್ಲ, ಕೈಯಲ್ಲಿ ಕಾಗದ ಇಲ್ಲ. ಯಾಕೆ ಇಲ್ಲ ಎಂದು ಕೇಳಿದರೆ ಉತ್ತರವೂ ಒಂದೇ: "ಪರಿಚಯದವರೇ ಅಲ್ವಾ, ಆಮೇಲೆ ಮಾಡುವ ಅಂತ ಕೀ ಕೊಟ್ಟೆವು ಮಾರಾಯ್ರೆ."

ಎಡವುವುದು ಆ 'ಆಮೇಲೆ' ಎಂಬ ಮಾತಿನಲ್ಲೇ. ಕೀ ನಿಮ್ಮ ಕೈಯಲ್ಲಿ ಇರುವ ತನಕ ಬಾಡಿಗೆಗೆ ಬರುವವರು ಕೇಳಿದ ಕಾಗದ ಕೊಡುತ್ತಾರೆ, ತೋರಿಸಿದಲ್ಲಿ ಸಹಿ ಹಾಕುತ್ತಾರೆ. ಕೀ ಕೊಟ್ಟ ಮರುದಿನದಿಂದ ಅದೇ ಕಾಗದಕ್ಕಾಗಿ ನೀವು ಅವರ ಮೆಟ್ಟಿಲು ಹತ್ತಬೇಕು. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಇದು ಒಂದೆರಡು ಮನೆ ಬಾಡಿಗೆಗೆ ಕೊಡುವವರಿಗೆ ಬರೆದದ್ದು. ಅಂಗಡಿ, ಗೋಡೌನ್, ಪೀಜಿ ನಡೆಸುವವರ ಲೆಕ್ಕ ಬೇರೆ.

ಮೊದಲು ಜೋಡಿಸಿಕೊಳ್ಳಬೇಕಾದ್ದು

ಒಂದು ರಟ್ಟಿನ ಫೈಲು, ಒಂದು ನೂರು ಪುಟದ ಪುಸ್ತಕ, ಫೋಟೋ ತೆಗೆಯುವ ಮೊಬೈಲು. ಫೈಲಿನಲ್ಲಿ ಮನೆ ತೆರಿಗೆ ರಸೀದಿ, ಮೆಸ್ಕಾಂನ ಕೊನೆಯ ಕರೆಂಟ್ ಬಿಲ್ಲು, ನೀರಿನ ಬಿಲ್ಲು ಇರಲಿ. ಬಾಡಿಗೆಗೆಂದೇ ಒಂದು ಬ್ಯಾಂಕ್ ಖಾತೆ ಇದ್ದರೆ ಇನ್ನೂ ಒಳ್ಳೆಯದು. ತರಕಾರಿ, ಔಷಧಿ, ಮಗಳ ಫೀಸು ಎಲ್ಲ ಹೋಗುವ ಖಾತೆಯಲ್ಲಿ ಎರಡು ವರ್ಷದ ಹಿಂದಿನ ಬಾಡಿಗೆ ಹುಡುಕುವುದು ಎಂಥ ಕಷ್ಟ ಎಂದು ಹುಡುಕಿದವರಿಗೇ ಗೊತ್ತು.

ಹಂತ 1: ಮನೆ ತಯಾರು ಮಾಡಿ, ಫೋಟೋ ತೆಗೆಯಿರಿ

ಕೆಲಸಕ್ಕೆ ಸರಿಯಾದ ಸಮಯ ಏಪ್ರಿಲ್, ಮೇ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗೋಡೆಗೆ ಬಣ್ಣ ಹಿಡಿಯುವುದಿಲ್ಲ, ಒಳಗೋಡೆ ಒಣಗುವುದಿಲ್ಲ. ಹಂಚಿನ ಮಾಡು ಇದ್ದರೆ ಒಡೆದ ಹಂಚು ಬದಲಿಸಿ. ತಾರಸಿ ಇದ್ದರೆ ನೀರು ನಿಲ್ಲುವ ಜಾಗ ನೋಡಿ. ಮಳೆ ಶುರುವಾದ ಮೇಲೆ ಸೋರಿದರೆ ಬಾಡಿಗೆದಾರರು ಪ್ರತಿ ರಾತ್ರಿ ಫೋನ್ ಮಾಡುತ್ತಾರೆ. ಅದು ಅವರ ತಪ್ಪಲ್ಲ.

ಮೇಲಿನ ಮನೆಗೂ ಕೆಳಗಿನ ಮನೆಗೂ ಒಂದೇ ಮೀಟರ್ ಇದ್ದರೆ ಈಗಲೇ ಪ್ರತ್ಯೇಕ ಮೀಟರ್‌ಗೆ ಅರ್ಜಿ ಹಾಕಿ. ಸಬ್ ಮೀಟರ್ ಇಟ್ಟು ಸುಧಾರಿಸುವ ಎಂದು ಹಲವರು ಹೇಳುತ್ತಾರೆ. ಆದರೆ ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಎರಡು ಮನೆಯ ಕರೆಂಟು ಒಂದೇ ಮೀಟರಿನಲ್ಲಿ ಓಡಿದರೆ 200 ದಾಟಲು ಎಷ್ಟು ಹೊತ್ತು? ಆಮೇಲೆ "ನಿಮ್ಮ ಫ್ರಿಜ್ಜಿನಿಂದ ದಾಟಿತು, ನಿಮ್ಮ ಪಂಪಿನಿಂದ ದಾಟಿತು" ಎಂಬ ಜಗಳ.

ಎಲ್ಲ ಮುಗಿದ ಮೇಲೆ ಖಾಲಿ ಮನೆಯ ಫೋಟೋ ತೆಗೆಯಿರಿ. ಸುಮ್ನೆ ಹಾಲ್ ಒಂದು, ರೂಮ್ ಒಂದು ಅಲ್ಲ. ಪ್ರತಿ ಬಾಗಿಲು, ಕಿಟಕಿ ಗಾಜು, ಬಾತ್‌ರೂಮಿನ ನಲ್ಲಿ, ಕಮೋಡು, ಅಡಿಗೆ ಕಟ್ಟೆಯ ಗ್ರಾನೈಟ್, ಸ್ವಿಚ್ ಬೋರ್ಡು, ಫ್ಯಾನು. ಬಾವಿ ಪಂಪು ಓಡುವ ಒಂದು ವೀಡಿಯೋ. ಇದನ್ನು ನಿಮ್ಮ ಮೊಬೈಲಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಬಾಡಿಗೆದಾರರು ಯಾರೆಂದು ಗೊತ್ತಾದ ದಿನ ಅವರಿಗೂ ವಾಟ್ಸಾಪ್‌ನಲ್ಲಿ ಕಳಿಸಿ. ಕಳಿಸಿದ ದಿನಾಂಕವೇ ಮುಂದೆ ಕೆಲಸಕ್ಕೆ ಬರುತ್ತದೆ.

ಹಂತ 2: ಬಂದವರನ್ನು ವಿಚಾರಿಸಿ

ಎರಡು ದಿನ ಜಾಸ್ತಿ ಹೋದರೂ ಚಿಂತೆ ಇಲ್ಲ, ಇದನ್ನು ಬಿಡಬೇಡಿ. ಮೂರು ವಿಷಯ ತಿಳಿಯಬೇಕು: ಎಲ್ಲಿ ಕೆಲಸ, ಈಗ ಎಲ್ಲಿ ಇದ್ದಾರೆ, ಅಲ್ಲಿಂದ ಯಾಕೆ ಬಿಡುತ್ತಿದ್ದಾರೆ.

ಕೆಲಸದ ಗುರುತಿನ ಚೀಟಿ ಮತ್ತು ಆಧಾರ್ ಪ್ರತಿ ತೆಗೆದುಕೊಳ್ಳಿ. ಮುಖ್ಯವಾಗಿ ಹಿಂದಿನ ಮನೆಯ ಓನರ್ ಜೊತೆ ಮಾತಾಡಿ. ಈಗಿನ ಮನೆಯ ಓನರ್ ಅಲ್ಲ, ಅದರ ಹಿಂದಿನವರು. ಈಗಿನ ಓನರ್‌ಗೆ ಒಮ್ಮೆ ಇವರು ಹೋದರೆ ಸಾಕು ಎಂದಿರಬಹುದು, ಅವರು ಹೊಗಳಿಯೇ ಕಳಿಸುತ್ತಾರೆ! ಬಾಡಿಗೆ ಎಷ್ಟನೇ ತಾರೀಕಿಗೆ ಬರುತ್ತಿತ್ತು, ಬಿಡುವಾಗ ಕರೆಂಟ್ ಬಿಲ್ಲು ಕಟ್ಟಿ ಹೋದರಾ, ಈ ಎರಡು ಪ್ರಶ್ನೆ ಸಾಕು.

ಎಚ್ಚರಿಕೆಯ ಗುರುತುಗಳು ಕೆಲವು ಉಂಟು. ಮನೆ ಪೂರ್ತಿ ನೋಡುವ ಮೊದಲೇ "ನಾಳೆಯೇ ಬರುತ್ತೇವೆ" ಎನ್ನುವುದು. ಅಡ್ವಾನ್ಸ್ ಅರ್ಧ ಈಗ, ಅರ್ಧ ಮುಂದಿನ ತಿಂಗಳು ಎನ್ನುವುದು. ಮನೆ ನೋಡಲು ಒಬ್ಬರು, ಸಹಿ ಹಾಕಲು ಇನ್ನೊಬ್ಬರು, ವಾಸಕ್ಕೆ ಮತ್ತೊಬ್ಬರು. ಕೇಳಿದ್ದಕ್ಕಿಂತ ಜಾಸ್ತಿ ಬಾಡಿಗೆ ಕೊಡುತ್ತೇನೆ ಎಂದರೆ ಎರಡು ಸಲ ಯೋಚಿಸಿ. ಮನೆಯನ್ನು ಬೇರೆ ಯಾವುದಕ್ಕೋ ಬಳಸುವ ಯೋಚನೆ ಇರಬಹುದು.

ಜಾತಿ, ಧರ್ಮ, ಅಡಿಗೆ ಮನೆಯಲ್ಲಿ ಏನು ಬೇಯುತ್ತದೆ ಎಂದು ನೋಡಿ ಮನೆ ಕೊಡುವವರು ನಮ್ಮ ಊರಿನಲ್ಲಿ ತುಂಬ ಮಂದಿ. ನನ್ನ ಅನುಭವ ಹೇಳುತ್ತೇನೆ. ನನಗೆ ನಾಲ್ಕು ತಿಂಗಳು ಬಾಡಿಗೆ ಬಾಕಿ ಇಟ್ಟು ಹೋದವರು 'ನಮ್ಮವರೇ'. ಐದು ವರ್ಷ ಪ್ರತಿ ತಿಂಗಳು ಮೂರನೇ ತಾರೀಕಿಗೆ ಬಾಡಿಗೆ ಹಾಕಿದವರು ಆ ಲೆಕ್ಕದಲ್ಲಿ 'ಬೇರೆಯವರು'. ಸಂಬಳ ನೋಡಿ, ಹಿಂದಿನ ನಡತೆ ನೋಡಿ. ಉಳಿದದ್ದರಿಂದ ಬಾಡಿಗೆ ಬರುವುದಿಲ್ಲ.

ಬ್ರೋಕರ್ ಮೂಲಕ ಬಂದರೂ ಈ ವಿಚಾರಣೆ ನೀವೇ ಮಾಡಿ. ಬ್ರೋಕರ್ ಕೆಲಸ ಕಮಿಷನ್ ಸಿಕ್ಕಿದ ದಿನ ಮುಗಿಯಿತು.

ಹಂತ 3: ಬಾಯಿಮಾತನ್ನು ಪುಸ್ತಕದಲ್ಲಿ ಬರೆಯಿರಿ

ಕರಾರು ಬರೆಸುವ ಮೊದಲು ಎದುರೆದುರು ಕೂತು ಮಾತಾಡಿ. ಮಾತಾಡಿದ್ದನ್ನು ಅಲ್ಲೇ ಪುಸ್ತಕದಲ್ಲಿ ಬರೆಯಿರಿ. ಬಾಡಿಗೆ ಮತ್ತು ಅಡ್ವಾನ್ಸ್ ಎಲ್ಲರೂ ಮಾತಾಡುತ್ತಾರೆ. ಜಗಳ ಬರುವುದು ಮಾತಾಡದೆ ಬಿಟ್ಟ ಸಣ್ಣ ವಿಷಯಗಳಿಂದ.

ನೀರು ಅದರಲ್ಲಿ ಮೊದಲನೆಯದು. ಮಂಗಳೂರಿಗೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ. ಮಳೆ ತಡವಾದ ವರ್ಷ ಮೇ ತಿಂಗಳಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಆಗುತ್ತದೆ. 2019ರಲ್ಲೂ 2023ರಲ್ಲೂ ಮಂಗಳೂರಿನಲ್ಲಿ ಹಾಗೇ ಆಯಿತು. ಬಾವಿ ಬತ್ತಿದರೆ ಟ್ಯಾಂಕರ್ ಯಾರು ಹಾಕಿಸಬೇಕು, ದುಡ್ಡು ಯಾರದ್ದು, ಜನವರಿಯಲ್ಲೇ ಮಾತಾಡಿ ಬರೆದಿಟ್ಟರೆ ಮೇ ತಿಂಗಳಲ್ಲಿ ಬಾಯಿ ಒಣಗಿಸಿಕೊಳ್ಳಬೇಕಾಗಿಲ್ಲ.

ಎರಡನೆಯದು ತೆಂಗಿನಕಾಯಿ. ನಗಬೇಡಿ. ನಮ್ಮ ಅಂಗಳದಲ್ಲಿ ಐದು ತೆಂಗಿನ ಮರ ಉಂಟು. ಒಂದು ಮರದ ಗೊನೆ ಮೇಲಿನ ಮನೆಯ ಬಾಲ್ಕನಿಗೆ ಕೈಗೆಟಕುವ ಹಾಗಿದೆ. ಒಬ್ಬ ಬಾಡಿಗೆದಾರರ ಮಕ್ಕಳು ಬೇಸಿಗೆ ರಜೆಯಲ್ಲಿ ದಿನಕ್ಕೆರಡು ಬೊಂಡ ಕಿತ್ತು ಕುಡಿದರು. ನನ್ನ ತಾಯಿ ಕೆಳಗಿನಿಂದ ಲೆಕ್ಕ ಇಟ್ಟರು. ಜೂನ್ ಬರುವ ಹೊತ್ತಿಗೆ ಎರಡು ಮನೆಯವರಿಗೂ ಮಾತಿಲ್ಲ. ಈಗ ನಾನು ಬರೆದುಬಿಡುತ್ತೇನೆ: ಮರದ ಕಾಯಿ ಮನೆಯವರದ್ದು, ಬಾಡಿಗೆದಾರರಿಗೆ ಕಾಯಿ ತೆಗೆಸಿದಾಗ ಹತ್ತು ಕಾಯಿ. ಮರದಿಂದ ಕಾಯಿ ಬಿದ್ದು ಕಾರಿನ ಗಾಜು ಒಡೆದರೆ ಹೊಣೆ ಯಾರದ್ದು ಎಂಬುದನ್ನೂ ಸೇರಿಸಿ. ಮರದಡಿ ಪಾರ್ಕಿಂಗ್ ಕೊಡದಿದ್ದರೆ ಇನ್ನೂ ಒಳ್ಳೆಯದು.

ಉಳಿದಂತೆ ಎಷ್ಟು ಜನ ಇರುತ್ತಾರೆ, ನಾಯಿ ಬೆಕ್ಕು ಉಂಟಾ, ಎಷ್ಟು ಗಾಡಿ, ಗೇಟಿಗೆ ಬೀಗ ಎಷ್ಟು ಗಂಟೆಗೆ, ಗೋಡೆಗೆ ಡ್ರಿಲ್ ಹಾಕಬಹುದಾ, ಎಸಿ ಹಾಕಿಸಬಹುದಾ. ಅಪಾರ್ಟ್‌ಮೆಂಟ್ ಆದರೆ ಮೆಂಟೆನೆನ್ಸ್ ಯಾರು ಕಟ್ಟಬೇಕು.

ಹಂತ 4: ಕರಾರು ಪತ್ರ

ಮೊದಲು ಯಾವ ಕಾನೂನು ಅನ್ವಯ ಎಂದು ತಿಳಿದುಕೊಳ್ಳಿ. ಹೆಚ್ಚಿನವರು ಬಾಡಿಗೆ ಕಾಯ್ದೆ ಎಂಬ ಹೆಸರು ಕೇಳಿಯೇ ಹೆದರುತ್ತಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಊರು ನೋಡಿಕೊಂಡು ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿದೆ. ಈಗಿನ ಹೆಚ್ಚಿನ ಬಿಡಾರಗಳು ಆ ಮಿತಿಯನ್ನು ದಾಟಿವೆ. ಅವುಗಳಿಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವು ಬರೆದುಕೊಂಡ ಕರಾರು. ವಾಟ್ಸಾಪ್‌ನಲ್ಲಿ ಓಡಾಡುವ 'ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಳ್ಳುವಂತಿಲ್ಲ' ಎಂಬ ಸಂದೇಶ 2021ರ ಕೇಂದ್ರದ ಮಾದರಿ ಕಾಯ್ದೆಯದ್ದು. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ.

ಅವಧಿ 11 ತಿಂಗಳು ಹಾಕುವುದಕ್ಕೆ ಕಾರಣ ಉಂಟು. ಒಂದು ವರ್ಷ ಮೀರಿದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಮೂರು ವರ್ಷಕ್ಕೆ ಬರೆದು ನೋಟರಿ ಸೀಲು ಹಾಕಿಸಿ "ರಿಜಿಸ್ಟರ್ ಆಯಿತು" ಎಂದು ನಂಬಿಕೊಂಡವರನ್ನು ನಾನೇ ನೋಡಿದ್ದೇನೆ. ನೋಟರಿ ಬೇರೆ, ನೋಂದಣಿ ಬೇರೆ. ನೋಂದಣಿ ಆಗದ ಮೂರು ವರ್ಷದ ಕಾಗದ ಹಿಡಿದುಕೊಂಡು ಕೋರ್ಟಿಗೆ ಹೋದರೆ ಅದರಲ್ಲಿ ಬರೆದ ಷರತ್ತುಗಳಿಗೆ ಬೆಲೆ ಸಿಗುವುದು ಕಷ್ಟ.

ಇನ್ನೊಂದು ಉಪಾಯ. 11 ತಿಂಗಳು ಮುಗಿಯುವ ದಿನ ಮಳೆಗಾಲದಲ್ಲಿ ಬೀಳದ ಹಾಗೆ ಲೆಕ್ಕ ಹಾಕಿ. ಜುಲೈ ಮಧ್ಯದಲ್ಲಿ ಆಟಿ (ಶುಭ ಕೆಲಸಕ್ಕೆ ಆಗದು ಎನ್ನುವ ತುಳು ತಿಂಗಳು) ಶುರುವಾದರೆ "ಆಟಿಯಲ್ಲಿ ಮನೆ ಬದಲಿಸುವುದಿಲ್ಲ" ಎಂಬ ಮಾತು ಬರುತ್ತದೆ. ಹೊಸಬರು ಬರುವುದೂ ಕಡಿಮೆ, ಬಣ್ಣವೂ ಆಗುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಬಂದವರಿಗೆ ಮೊದಲ ಕರಾರು ಏಳೆಂಟು ತಿಂಗಳಿಗೇ ಮಾಡಿ, ಏಪ್ರಿಲ್‌ನಲ್ಲಿ ಹೊಸದು ಬರೆಯಿರಿ.

ಸ್ಟಾಂಪ್ ಪೇಪರ್ ವಿಷಯದಲ್ಲಿ ಜಿಪುಣತನ ಬೇಡ. ಬಾಡಿಗೆ ಮತ್ತು ಅಡ್ವಾನ್ಸ್ ಎರಡನ್ನೂ ಲೆಕ್ಕಕ್ಕೆ ಹಿಡಿದು ಎಷ್ಟರ ಇ-ಸ್ಟಾಂಪ್ ಬೇಕು ಎಂದು ಪತ್ರ ಬರಹಗಾರರ ಹತ್ತಿರ ಕೇಳಿ ತನ್ನಿ. ಕಡಿಮೆ ಸ್ಟಾಂಪ್ ಹಾಕಿದ ಕಾಗದವನ್ನು ಕೋರ್ಟಿನಲ್ಲಿ ಮುಂದಿಟ್ಟರೆ ಬಾಕಿ ಸುಂಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ.

ಈಗ ಷರತ್ತುಗಳು. ಜೆರಾಕ್ಸ್ ಅಂಗಡಿಯ ಸಿದ್ಧ ಫಾರ್ಮಿನಲ್ಲಿ ಹಲವು ಸಲ ಇಲ್ಲದಿರುವ ನಾಲ್ಕನ್ನು ನೀವೇ ಸೇರಿಸಿ.

ಒಂದು, ಒಳಬಾಡಿಗೆ. ಕರಾರಿನಲ್ಲಿ ಏನೂ ಬರೆಯದಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 108 ಬಾಡಿಗೆದಾರನಿಗೆ ಇನ್ನೊಬ್ಬರಿಗೆ ಕೊಡುವ ಹಕ್ಕು ಕೊಡುತ್ತದೆ. ಇದು ಗೊತ್ತಿಲ್ಲದವರೇ ಹೆಚ್ಚು. ಮಣಿಪಾಲ, ದೇರಳಕಟ್ಟೆ, ಸುರತ್ಕಲ್ ಕಡೆ ವಿದ್ಯಾರ್ಥಿಗಳಿಗೆ ಮನೆ ಕೊಡುವವರು ಇದನ್ನು ಎರಡು ಸಲ ಓದಿ. ಮೂವರು ಸಹಿ ಹಾಕಿದ ಮನೆಯಲ್ಲಿ ವರ್ಷದ ಕೊನೆಗೆ ಏಳು ಜನ ಇರುತ್ತಾರೆ, ಸಹಿ ಹಾಕಿದ ಮೂವರಲ್ಲಿ ಒಬ್ಬನೂ ಇರುವುದಿಲ್ಲ. ವಾಸ ಇರುವವರ ಹೆಸರು ಒಂದೊಂದಾಗಿ ಬರೆದು, ಒಳಬಾಡಿಗೆ ಕೊಡುವಂತಿಲ್ಲ ಎಂದು ಸ್ಪಷ್ಟವಾಗಿ ಹಾಕಿ. ವಿದ್ಯಾರ್ಥಿಗಳಾದರೆ ಒಬ್ಬರ ತಂದೆಯೋ ತಾಯಿಯೋ ಕೂಡ ಸಹಿ ಹಾಕಲಿ.

ಎರಡು, ನೋಟಿಸ್ ಅವಧಿ. ಬರೆಯದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಕಲಂ 106ರ ಪ್ರಕಾರ 15 ದಿನ. ನೀವು ಒಂದು ತಿಂಗಳು ಎಂದು ಬರೆದರೆ ಒಂದು ತಿಂಗಳು. ಎರಡೂ ಕಡೆಗೆ ಒಂದೇ ಅವಧಿ ಇಡಿ.

ಮೂರು, ಬಾಡಿಗೆ ಏರಿಕೆ. 'ಕಾಲಕ್ಕೆ ತಕ್ಕಂತೆ' ಎಂದು ಬರೆಯಬೇಡಿ. 12,000 ರೂಪಾಯಿಗೆ ಶೇಕಡ 5 ಏರಿಕೆ ಎಂದರೆ ಮುಂದಿನ ಕರಾರಿಗೆ 12,600 ಎಂದು ಅಂಕಿಯಲ್ಲೇ ಬರೆಯಿರಿ.

ನಾಲ್ಕು, ರಿಪೇರಿ. ಮಾಡು, ಗೋಡೆ, ಪೈಪು, ವಯರಿಂಗ್ ನಿಮ್ಮದು. ಬಲ್ಬು, ನಲ್ಲಿಯ ವಾಷರ್, ಅವರು ಒಡೆದ ಗಾಜು ಅವರದ್ದು. ನಿಮ್ಮ ಪಾಲಿನ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದೆ ಕೂತರೆ ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಅದಕ್ಕೆ ಕಾನೂನಿನಲ್ಲಿ ಅವಕಾಶ ಉಂಟು.

ಅಡ್ವಾನ್ಸ್ ಎಷ್ಟು? ನನ್ನ ಮಟ್ಟಿಗೆ ನಾಲ್ಕು ತಿಂಗಳ ಬಾಡಿಗೆ. ಯಾಕೆ ಎಂಬುದು ಏಳನೇ ಹಂತದ ಲೆಕ್ಕದಲ್ಲಿ ಗೊತ್ತಾಗುತ್ತದೆ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ತೆಗೆದುಕೊಳ್ಳಿ. ಕೊನೆಯ ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ತಾವಾಗಿ ಮುರಿದುಕೊಳ್ಳುವಂತಿಲ್ಲ ಎಂದು ಒಂದು ಸಾಲು ಸೇರಿಸಿ.

ಹಂತ 5: ಕೀ ಕೊಡುವ ದಿನ

ಒಳ್ಳೆ ದಿನ ನೋಡಿ ಹಾಲುಕ್ಕಿಸಲು ಬರುತ್ತಾರೆ. ಆ ದಿನ ಮುಹೂರ್ತ ಇರುವುದು ಎಂಟು ಗಂಟೆಗೆ, ಬ್ಯಾಂಕು ತೆರೆಯುವುದು ಹತ್ತಕ್ಕೆ. "ಈಗ ಹಾಲುಕ್ಕಿಸುತ್ತೇವೆ, ಸಂಜೆ ಸಹಿ ಹಾಕುವ" ಎಂಬಲ್ಲೇ ನಮ್ಮವರು ಬೀಳುವುದು. ಮುಹೂರ್ತದ ಹಿಂದಿನ ದಿನವೇ ಸಹಿ ಮತ್ತು ದುಡ್ಡು ಮುಗಿಸಿ. ಆಗದಿದ್ದರೆ ಬಾಗಿಲು ನೀವು ತೆಗೆದುಕೊಡಿ, ಹಾಲುಕ್ಕಿಸಲಿ, ಪಾಯಸ ಕೊಟ್ಟರೆ ತಿನ್ನಿ, ಕೀ ಮಾತ್ರ ನಿಮ್ಮ ಜೇಬಿನಲ್ಲೇ ಇರಲಿ.

ಕೀ ಕೊಡುವ ಮೊದಲು ಈ ಕ್ರಮ: ಎರಡೂ ಕಡೆಯ ಮತ್ತು ಇಬ್ಬರು ಸಾಕ್ಷಿಗಳ ಸಹಿ, ಅಡ್ವಾನ್ಸ್ ಮತ್ತು ಮೊದಲ ತಿಂಗಳ ಬಾಡಿಗೆ ಖಾತೆಗೆ ಬಂದದ್ದು ಖಚಿತ, ಮೆಸ್ಕಾಂ ಮೀಟರ್ ರೀಡಿಂಗ್ ಫೋಟೋ, ಸಾಮಾನಿನ ಪಟ್ಟಿಗೆ ಸಹಿ. ಫ್ಯಾನ್ ನಾಲ್ಕು, ಗೀಸರ್ ಒಂದು, ಕೀ ಎರಡು ಜೊತೆ ಎಂದು ಪಟ್ಟಿಯಲ್ಲಿ ಬರೆಯಿರಿ. ಹಣ ಕಳಿಸಿದ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಖಾತೆ ನೋಡಿ.

ಬಾಡಿಗೆದಾರರ ವಿವರವನ್ನು ಹತ್ತಿರದ ಪೊಲೀಸ್ ಠಾಣೆಗೆ ಕೊಟ್ಟು ಒಂದು ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ವಿದೇಶಿ ಪ್ರಜೆ ಆದರೆ, ಮಣಿಪಾಲದಲ್ಲೂ ಮಂಗಳೂರಿನಲ್ಲೂ ವಿದೇಶಿ ವಿದ್ಯಾರ್ಥಿಗಳು ಇದ್ದಾರಲ್ಲ, ಅವರು ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಾಸದ ವಿವರದ ಫಾರ್ಮ್ (2025ರ ತನಕ ಇದರ ಹೆಸರು ಫಾರ್ಮ್ ಸಿ) ಸಲ್ಲಿಸುವ ಹೊಣೆ ಮನೆ ಕೊಟ್ಟವರದ್ದು. ಒಂದು ದಿನ ತಡವಾದರೂ ವಿವರಣೆ ಕೊಡಬೇಕಾದವರು ನೀವೇ.

ಗೃಹಜ್ಯೋತಿಗೆ ಬಾಡಿಗೆದಾರರು ತಮ್ಮ ಆಧಾರ್ ಜೋಡಿಸಿಕೊಳ್ಳಬಹುದು. ಅದಕ್ಕೆ ಮೊದಲು ಹಳೆಯ ಬಾಡಿಗೆದಾರರ ಆಧಾರ್ ಆ ಮೀಟರಿನಿಂದ ತೆಗೆದಿರಬೇಕು. ಇದನ್ನು ನಾನೇ ಮರೆತಿದ್ದೆ. ಹೊಸಬರ ಅರ್ಜಿ ಮುಂದೆ ಹೋಗಲಿಲ್ಲ, ಹಳಬರು ಆಗಲೇ ಬೇರೆ ಊರಿಗೆ ಹೋಗಿದ್ದರು. ಎರಡು ತಿಂಗಳ ಬಿಲ್ಲು ನನ್ನ ತಲೆಗೆ ಬಂತು.

ಹಂತ 6: ತಿಂಗಳ ತಿಂಗಳ ಕೆಲಸ

ಇದು ಸಣ್ಣದು. ಬಾಡಿಗೆ ಬಂದ ದಿನ ಪುಸ್ತಕದಲ್ಲಿ ತಾರೀಕು ಬರೆಯಿರಿ, ರಸೀದಿ ಕೊಡಿ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಬಾಡಿಗೆದಾರರು ಆಫೀಸಿಗೆ ನಿಮ್ಮ ಪ್ಯಾನ್ ಕೊಡಬೇಕಾಗುತ್ತದೆ, ಕೇಳಿದಾಗ ಮುಖ ಸಿಂಡರಿಸಬೇಡಿ. ಆ ಆದಾಯ ಹೇಗೂ ನಿಮ್ಮ ರಿಟರ್ನ್‌ನಲ್ಲಿ ಇರಬೇಕು. ಅದರಲ್ಲಿ ರಿಪೇರಿ ಇತ್ಯಾದಿಗೆಂದು ಶೇಕಡ 30 ಕಳೆಯುವ ಅವಕಾಶವೂ ಉಂಟು.

ಮೂರು ತಿಂಗಳಿಗೊಮ್ಮೆ ಹೇಳಿ, ಸಮಯ ಕೇಳಿ, ಮನೆ ನೋಡಿ ಬನ್ನಿ. ನಿಮ್ಮ ಮನೆಯೇ ಆದರೂ ಹೇಳದೆ ನುಗ್ಗುವುದು ಸರಿಯಲ್ಲ. ಮಳೆಗಾಲದಲ್ಲಿ ಒಮ್ಮೆ ಖಂಡಿತ ನೋಡಿ. ಬೀರುವಿನ ಹಿಂದೆ ಗೋಡೆ ಕಪ್ಪಾಗಿದ್ದರೆ ಎಲ್ಲಿಂದಲೋ ನೀರು ಇಳಿಯುತ್ತಿದೆ ಎಂದು ಅರ್ಥ.

11 ತಿಂಗಳು ಮುಗಿಯುವ ಒಂದು ತಿಂಗಳ ಮೊದಲು ಮೊಬೈಲಿನಲ್ಲಿ ಅಲಾರಂ ಇಡಿ. ಕರಾರು ಮುಗಿದ ಮೇಲೂ ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ ಅದು ತಿಂಗಳ ಬಾಡಿಗೆಯಾಗಿ ಮುಂದುವರಿಯುತ್ತದೆ. ಮನೆ ಕೈತಪ್ಪುವುದಿಲ್ಲ, ಆದರೆ ಹೊಸ ಬಾಡಿಗೆ ಎಷ್ಟು ಎಂಬುದಕ್ಕೆ ಕಾಗದ ಇರುವುದಿಲ್ಲ.

"ಹನ್ನೆರಡು ವರ್ಷ ಇದ್ದರೆ ಮನೆ ಅವರದ್ದೇ ಆಗುತ್ತದಂತೆ" ಎಂದು ಹೆದರಿ ಪ್ರತಿ ಮೂರು ವರ್ಷಕ್ಕೆ ಒಳ್ಳೆ ಬಾಡಿಗೆದಾರರನ್ನು ಕಳಿಸುವವರಿದ್ದಾರೆ. ಬಾಡಿಗೆ ಕೊಟ್ಟುಕೊಂಡು ಇರುವವರು ನೀವೇ ಮಾಲೀಕರು ಎಂದು ಒಪ್ಪಿಕೊಂಡೇ ಇರುವವರು. ಎಷ್ಟು ವರ್ಷ ಇದ್ದರೂ ಅಷ್ಟಕ್ಕೇ ಅವರು ಮಾಲೀಕರಾಗುವುದಿಲ್ಲ. ಹೆದರಬೇಕಾದ್ದು ಕಾಗದವೂ ಇಲ್ಲದೆ, ಬಾಡಿಗೆಯೂ ತೆಗೆದುಕೊಳ್ಳದೆ, ವಿಚಾರಿಸದೆ ಬಿಟ್ಟ ಮನೆಗೆ.

ಹಂತ 7: ಬಾಡಿಗೆ ನಿಂತಾಗ

ಇಲ್ಲಿ ದಾಕ್ಷಿಣ್ಯವೇ ಕೆಡಿಸುವುದು. ಲೆಕ್ಕ ನೋಡಿ. ಬಾಡಿಗೆ 12,000, ಅಡ್ವಾನ್ಸ್ ನಾಲ್ಕು ತಿಂಗಳದ್ದು, 48,000. ಎರಡು ತಿಂಗಳು ಬರಲಿಲ್ಲ ಎಂದರೆ 24,000 ಹೋಯಿತು. ಆಗ ನೋಟಿಸ್ ಕೊಟ್ಟರೆ 15 ದಿನಕ್ಕೆ 6,000. ಅದಾದ ಮೇಲೂ ಒಂದು ತಿಂಗಳು ಎಳೆದರೆ 12,000. ಉಳಿದದ್ದು 6,000. ಅದರಲ್ಲಿ ಕರೆಂಟ್ ಬಿಲ್ಲು ಕಟ್ಟಬೇಕು, ಬಣ್ಣ ಬಳಿಸಬೇಕು. ಅಡ್ವಾನ್ಸ್ ಎರಡೇ ತಿಂಗಳದ್ದು ಇದ್ದಿದ್ದರೆ ನೋಟಿಸ್ ಕೊಡುವ ದಿನವೇ ಸೊನ್ನೆ. ನಾಲ್ಕು ತಿಂಗಳು ಕಾಯುವವರು ಕೊನೆಗೆ ಕೈಯಿಂದ ಹಾಕುತ್ತಾರೆ.

ಹತ್ತನೇ ತಾರೀಕು ದಾಟಿದರೆ ವಾಟ್ಸಾಪ್‌ನಲ್ಲಿ ಬರೆದು ಕೇಳಿ. ಫೋನಿನಲ್ಲಿ ಕೇಳಿದ್ದಕ್ಕೆ ದಾಖಲೆ ಇಲ್ಲ. ಕಾರಣ ಹೇಳಿದರೆ ಕೇಳಿಸಿಕೊಳ್ಳಿ. ಕೆಲಸ ಹೋಗಿರಬಹುದು, ಮನೆಯಲ್ಲಿ ಕಾಯಿಲೆ ಇರಬಹುದು. ಅವಕಾಶ ಕೊಡುವುದಾದರೆ ಯಾವ ತಾರೀಕಿಗೆ ಎಷ್ಟು ಎಂದು ಅವರಿಂದಲೇ ಬರೆಸಿಕೊಳ್ಳಿ. ಆ ತಾರೀಕೂ ತಪ್ಪಿದರೆ ಇನ್ನೊಂದು ಅವಕಾಶ ಬೇಡ.

ಎರಡನೇ ತಿಂಗಳೂ ಬರಲಿಲ್ಲ ಎಂದಾದ ವಾರದಲ್ಲೇ ವಕೀಲರ ಮೂಲಕ ನೋಟಿಸ್ ಕಳಿಸಿ. ನೋಟಿಸ್ ಬರಹದಲ್ಲಿ ಇರಬೇಕು, ಸಹಿ ಇರಬೇಕು, ಬಾಡಿಗೆ ಸಂಬಂಧ ಮುಗಿಸುತ್ತಿದ್ದೇನೆ ಎಂದು ಸ್ಪಷ್ಟವಾಗಿ ಹೇಳಬೇಕು. ಬಾಕಿ ಕೇಳಿದ್ದು ಮಾತ್ರ ಇದ್ದರೆ ಅದು ಖಾಲಿ ಮಾಡಿಸುವ ನೋಟಿಸ್ ಆಗುವುದಿಲ್ಲ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿದೆ. ತಲುಪಿದ್ದಕ್ಕೆ ದಾಖಲೆ ಬೇಕು ಎಂದು ಕೌಂಟರಿನಲ್ಲಿ ಹೇಳಿ ಕಳಿಸಿ, ಚೀಟಿ ಫೈಲಿಗೆ ಹಾಕಿ. ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಆ ಲಕೋಟೆಯನ್ನು ಒಡೆಯಬೇಡಿ. ನಿರಾಕರಿಸಿದ್ದೂ ಒಂದು ಸಾಕ್ಷಿ.

ನೋಟಿಸ್ ಅವಧಿ ಮುಗಿದ ಮೇಲೆ ಖಾತೆಗೆ ಸುಮ್ನೆ ಒಂದು ತಿಂಗಳ ಬಾಡಿಗೆ ಬಂದು ಬೀಳುವುದುಂಟು. ಇದೊಂದು ಬಲೆ. ಬಾಡಿಗೆ ಎಂದೇ ಒಪ್ಪಿಕೊಂಡರೆ ನೋಟಿಸನ್ನು ನೀವೇ ಬಿಟ್ಟುಕೊಟ್ಟಿರಿ ಎಂದು ವಾದಿಸಲು ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 113ರಲ್ಲಿ ದಾರಿ ಸಿಗುತ್ತದೆ. ಅದೇ ದಿನ "ಇದನ್ನು ಹಳೆಯ ಬಾಕಿಗೆ ಜಮಾ ಮಾಡಿದ್ದೇನೆ, ನೋಟಿಸ್ ಹಾಗೇ ಇದೆ" ಎಂದು ಬರೆದು ಕಳಿಸಿ, ವಕೀಲರಿಗೂ ತಿಳಿಸಿ.

ಏನೇ ಸಿಟ್ಟು ಬಂದರೂ ಮಾಡಬಾರದ್ದು ಮೂರು. ಬೀಗ ಬದಲಿಸುವುದು, ನೀರು ಅಥವಾ ಕರೆಂಟು ನಿಲ್ಲಿಸುವುದು, ಸಾಮಾನು ಹೊರಗೆ ಹಾಕುವುದು. ಪಂಪಿನ ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಂಡ ಒಬ್ಬರು ನನಗೆ ಗೊತ್ತು. ಮರುದಿನ ಠಾಣೆಯಲ್ಲಿ ಕೂತು ವಿವರಣೆ ಕೊಟ್ಟವರು ಅವರು, ಬಾಡಿಗೆ ಕೊಡದವನಲ್ಲ. ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6ರಲ್ಲಿ ಬಾಡಿಗೆದಾರರು 6 ತಿಂಗಳೊಳಗೆ ದಾವೆ ಹಾಕಿ ಮತ್ತೆ ಒಳಗೆ ಬರಬಹುದು. ಆ ದಾವೆಯಲ್ಲಿ ನೀವು ಮಾಲೀಕರು ಎಂಬುದು ಉತ್ತರವೇ ಅಲ್ಲ. ಪೊಲೀಸರು ಬಂದು ಖಾಲಿ ಮಾಡಿಸುತ್ತಾರೆ ಎಂದೂ ಕಾಯಬೇಡಿ. "ಇದು ಸಿವಿಲ್, ಕೋರ್ಟಿಗೆ ಹೋಗಿ" ಎನ್ನುತ್ತಾರೆ, ಅದು ಸರಿಯೂ ಹೌದು.

ಕೋರ್ಟಿಗೆ ಹೋಗುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಒಂದು ಅರ್ಜಿ ಕೊಟ್ಟು ನೋಡಿ. ದಾವೆ ಹಾಕುವ ಮೊದಲೇ ಇಬ್ಬರನ್ನೂ ಕರೆಸಿ ಮಾತಾಡಿಸುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿ ಆದರೆ ಅದಕ್ಕೆ ಕೋರ್ಟಿನ ಡಿಕ್ರಿಯ (ತೀರ್ಪಿನ ಆದೇಶದ) ಬೆಲೆ ಉಂಟು. ಮಾಲೀಕರು ಮಹಿಳೆಯಾದರೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಒಂಟಿಯಾಗಿ ಮನೆ ನೋಡಿಕೊಳ್ಳುವ ಎಷ್ಟೋ ಅಮ್ಮಂದಿರಿಗೆ ಇದು ತಿಳಿದಿಲ್ಲ. ಒಂದು ತಿಂಗಳ ಬಾಕಿ ಬಿಟ್ಟುಕೊಟ್ಟು ತಾರೀಕು ಬರೆಸಿಕೊಂಡು ಮನೆ ಹಿಂದೆ ಪಡೆಯುವುದು ಸೋಲಲ್ಲ. ದಾವೆ ಎಷ್ಟು ವರ್ಷ ಎಂದು ಹೇಳುವವರು ಯಾರು?

ಅದೂ ಆಗದಿದ್ದರೆ ತೆರವಿಗೂ ಬಾಕಿಗೂ ಸೇರಿಸಿ ಸಿವಿಲ್ ದಾವೆ. ಬಾಡಿಗೆ ಬಾಕಿಯನ್ನು 3 ವರ್ಷದೊಳಗೆ ಕೇಳಬೇಕು, ಅದಕ್ಕಿಂತ ಹಳೆಯದು ಕೈಬಿಟ್ಟಂತೆ.

ಬೀಗ ಹಾಕಿ ಸಾಮಾನು ಒಳಗೇ ಬಿಟ್ಟು ಬಾಡಿಗೆದಾರರು ಕಾಣೆಯಾದರೆ ನೀವಾಗಿ ಬೀಗ ಒಡೆಯಬೇಡಿ. ಠಾಣೆಗೆ ಬರಹದಲ್ಲಿ ತಿಳಿಸಿ, ವಕೀಲರನ್ನು ಕೇಳಿಯೇ ಮುಂದಿನ ಹೆಜ್ಜೆ. ನಾಳೆ "ಒಳಗೆ ಚಿನ್ನ ಇತ್ತು" ಎಂದರೆ ಏನು ಹೇಳುತ್ತೀರಿ?

ಊರಲ್ಲಿ ಇಲ್ಲದ ಮಾಲೀಕರಿಗೆ

ದುಬೈ, ಕುವೈತ್, ಮಸ್ಕತ್‌ನಲ್ಲಿ ಇದ್ದುಕೊಂಡು ಇಲ್ಲಿ ಮನೆ ಬಾಡಿಗೆಗೆ ಕೊಟ್ಟವರು ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯಲ್ಲಿ ಮನೆಗೊಬ್ಬರು. ಅಣ್ಣನೋ ಭಾವನೋ ಬಾಡಿಗೆ ಎತ್ತುತ್ತಾರೆ, ಸಹಿಯೂ ಅವರೇ ಹಾಕಿಬಿಡುತ್ತಾರೆ. ಅಧಿಕಾರ ಪತ್ರ ಇಲ್ಲದ ಆ ಸಹಿ ತಕರಾರು ಬಂದ ದಿನ ನಿಲ್ಲುವುದಿಲ್ಲ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಧಿಕಾರ ಪತ್ರಕ್ಕೆ ದೃಢೀಕರಣ ಮಾಡಿಸಿ ಕಳಿಸಿ. ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಅದಕ್ಕೆ ಸ್ಟಾಂಪ್ ಸುಂಕ ಕಟ್ಟಬೇಕು. ನೋಟಿಸ್ ಕೊಡುವ, ದಾವೆ ಹಾಕುವ ಅಧಿಕಾರವೂ ಅದರಲ್ಲಿ ಬರೆದಿರಲಿ.

ಮಾಲೀಕರು ಅನಿವಾಸಿ ಆದರೆ ಬಾಡಿಗೆ ಕೊಡುವವರು ಟಿಡಿಎಸ್ (ಬಾಡಿಗೆಯಿಂದಲೇ ಕಡಿಯುವ ಆದಾಯ ತೆರಿಗೆ) ಕಡಿದು ಕಟ್ಟಬೇಕು, ಬಾಡಿಗೆ ಸಣ್ಣದಿದ್ದರೂ. ಈ ವಿಷಯ ಮೊದಲೇ ಹೇಳಿ. ಆಮೇಲೆ ಗೊತ್ತಾದರೆ ಬಾಡಿಗೆದಾರರಿಗೆ ಮೋಸ ಆದಂತೆ ಅನಿಸುತ್ತದೆ.

ಹಂತ 8: ಮನೆ ಬಿಡುವ ದಿನ

ಒಳ್ಳೆ ರೀತಿಯಲ್ಲಿ ಇದ್ದವರ ಜೊತೆಯೂ ಮುಖ ಕೆಡುವುದು ಇಲ್ಲಿ. ಸಾಮಾನು ಲಾರಿಗೆ ಏರಿದ ಮೇಲೆ, ಕೀ ತೆಗೆದುಕೊಳ್ಳುವ ಮೊದಲು, ಮೊದಲ ಹಂತದ ಫೋಟೋ ಹಿಡಿದುಕೊಂಡು ಇಬ್ಬರೂ ಮನೆ ಸುತ್ತಿ. ಮೊಳೆ ಹೊಡೆದ ತೂತು, ಗೋಡೆಗೆ ಎಣ್ಣೆ ಕಲೆ, ಮಕ್ಕಳು ಗೀಚಿದ್ದು ವಾಸ ಇದ್ದ ಮನೆಯಲ್ಲಿ ಸಹಜ. ಮಂಗಳೂರಿನ ಗಾಳಿಗೆ ಕಿಟಕಿ ಸರಳು ತುಕ್ಕು ಹಿಡಿದದ್ದಕ್ಕೆ ದುಡ್ಡು ಮುರಿಯಬೇಡಿ. ಒಡೆದ ಕಮೋಡು, ಕಾಣೆಯಾದ ಗೀಸರ್, ಕಿತ್ತು ಹೋದ ಬಾಗಿಲಿನ ಚಿಲಕ, ಇವಕ್ಕೆ ಮುರಿಯಿರಿ, ಬಿಲ್ಲು ತೋರಿಸಿ.

ಮೀಟರ್ ರೀಡಿಂಗ್ ಫೋಟೋ ತೆಗೆದು ಅಂದಿನ ತನಕದ ಬಿಲ್ಲು ಲೆಕ್ಕ ಹಾಕಿ. ಗೃಹಜ್ಯೋತಿಯ ಆಧಾರ್ ಜೋಡಣೆಯನ್ನು ನಿಮ್ಮ ಎದುರಿಗೇ ತೆಗೆಯಲು ಹೇಳಿ, ಓಟಿಪಿ ಅವರ ಮೊಬೈಲಿಗೇ ಬರುವುದು. ಗ್ಯಾಸ್, ಇಂಟರ್‌ನೆಟ್ ಬಾಕಿ ಇದೆಯಾ ಕೇಳಿ.

ಅಡ್ವಾನ್ಸ್ ಅದೇ ದಿನ ಖಾತೆಗೆ ಹಾಕಿ. "ಹೊಸಬರು ಬಂದ ಮೇಲೆ ಅವರ ಅಡ್ವಾನ್ಸಿನಿಂದ ಕೊಡುತ್ತೇನೆ" ಎನ್ನುವ ಓನರ್‌ಗಳೇ ಜಾಸ್ತಿ, ಹಾಗಾಗಿಯೇ ಕೊನೆಯ ಮೂರು ತಿಂಗಳು ಬಾಡಿಗೆ ಕೊಡದೆ ಕೂರುವ ಬಾಡಿಗೆದಾರರು ಹುಟ್ಟಿಕೊಂಡದ್ದು. ದುಡ್ಡು ಹಾಕಿದ ಮೇಲೆ "ಮನೆಯ ಸ್ವಾಧೀನ ಬಿಟ್ಟುಕೊಟ್ಟಿದ್ದೇನೆ, ಅಡ್ವಾನ್ಸ್ ಪಡೆದಿದ್ದೇನೆ, ಬಾಕಿ ಇಲ್ಲ" ಎಂದು ಎರಡು ಸಾಲು ಬರೆಸಿ ಸಹಿ, ತಾರೀಕು. ಎರಡು ಜೊತೆ ಕೀ ಎಣಿಸಿಕೊಳ್ಳಿ. ಎರಡೂ ಸಿಕ್ಕಿದರೂ ಮುಂದಿನವರು ಬರುವ ಮೊದಲು ಎದುರು ಬಾಗಿಲಿನ ಬೀಗ ಬದಲಿಸಿ, ಹಳೆಯದನ್ನು ಹಿತ್ತಿಲ ಗೇಟಿಗೆ ಹಾಕಿದರಾಯಿತು.